ಸ್ಕ್ಯಾನ್ ಪರವಾಗಿಲ್ಲ ಅಂದಿತು, ಮೂಳೆ ಮಾತ್ರ ಮುರಿದಿತ್ತು

ಸಕ್ಕರೆ ಕಾಯಿಲೆ ಬಂದ ಮೇಲೆ ಕಣ್ಣು ತೋರಿಸಿ ಅಂತಾರೆ, ಕಿಡ್ನಿ ನೋಡಿಸಿ ಅಂತಾರೆ, ಪಾದ ಜೋಪಾನ ಅಂತಾರೆ. ಮೂಳೆ ನೋಡಿಸಿ ಅಂತ ನನಗೆ ಹನ್ನೊಂದು ವರ್ಷ ಯಾರೂ ಹೇಳಲಿಲ್ಲ. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸವೆಯುತ್ತೆ ಅನ್ನುವುದು ಎಲ್ಲರಿಗೂ ಗೊತ್ತು. ಸಕ್ಕರೆಯೂ ಮೂಳೆಯನ್ನು ಕೆಡಿಸುತ್ತೆ, ಅದೂ ಸ್ಕ್ಯಾನಿನಲ್ಲಿ ಪೂರ್ತಿ ಕಾಣದ ಹಾಗೆ ಕೆಡಿಸುತ್ತೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ಮಣಿಕಟ್ಟು ಮುರಿದ ಮೇಲೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗಿರುವವರಿಗೆ ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದಾದರೂ ಗೊತ್ತಾಗಲಿ.

ನಾನು ಹಾಸನದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಲಂಗ, ಚೂಡಿದಾರ್, ಸೀರೆಗೆ ಫಾಲ್ಸು, ಕುಚ್ಚು. ಈಗ 61 ವರ್ಷ. 42ಕ್ಕೆ ಗರ್ಭಕೋಶದ ಆಪರೇಷನ್ ಆಯಿತು, 47ಕ್ಕೆ ಸಕ್ಕರೆ ಬಂತು. ಮೈಕೈ ತುಂಬಿಕೊಂಡೇ ಇರುವವಳು ನಾನು. ಮೂಳೆ ಸವೆತ ಅಂದರೆ ಬೆನ್ನು ಬಾಗಿದ ಸಣಕಲು ಅಜ್ಜಿಯರಿಗೆ ಬರುವುದು ಅಂತ ನಮ್ಮ ಬೀದಿಯಲ್ಲಿ ಎಲ್ಲರ ಲೆಕ್ಕ. ಮೈ ತೂಕ ಜಾಸ್ತಿ ಇರುವವರ ಮೂಳೆಯ ಸಾಂದ್ರತೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತೆ. ಟೈಪ್ 2 ಸಕ್ಕರೆ ಇರುವ ಬಹಳ ಹೆಂಗಸರದ್ದೂ ಹಾಗೇ. ಗೊಂದಲ ಶುರುವಾಗುವುದೇ ಅಲ್ಲಿಂದ.

2023ರ ಧನುರ್ಮಾಸ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಎದ್ದು ಒಳಗೆ ತಿರುಗಿದೆ. ಮೆಟ್ಟಿಲು ಒದ್ದೆ ಇತ್ತು, ಕಾಲು ಜಾರಿತು. ಬಲಗೈ ಊರಿಕೊಂಡು ಬಿದ್ದೆ. ಮಹಡಿಯಿಂದ ಬಿದ್ದದ್ದಲ್ಲ, ಗಾಡಿಯಿಂದ ಬಿದ್ದದ್ದೂ ಅಲ್ಲ. ನಿಂತಲ್ಲೇ ಬಿದ್ದದ್ದು. ಅಷ್ಟಕ್ಕೇ ಮಣಿಕಟ್ಟು ಸೊಟ್ಟಗಾಗಿತ್ತು.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಕೈ ಎಳೆದು ಮೂಳೆ ಕೂರಿಸಿ, ಪ್ಲಾಸ್ಟರ್ ಹಾಕಿದರು. ಆರು ವಾರ ಅಂದರು. ಪಕ್ಕದ ಮನೆಯವರು ಬಂದು, "ಅಕ್ಕಾ, ಸುಮ್ನೆ ನಾಟಿ ಕಟ್ಟು ಹಾಕಿಸಿ, ಬೇಗ ಕೂಡುತ್ತೆ" ಅಂದರು. ನಾನು ಒಪ್ಪಲಿಲ್ಲ. ಸಕ್ಕರೆ ಇರುವವರಿಗೆ ಕಟ್ಟು ಬಿಗಿಯಾಗಿ ರಕ್ತ ಓಡದೆ ಹೋದರೆ, ಗಾಯವಾಗಿ ಕೀವು ತುಂಬಿದರೆ, ಕೈಯೇ ಹೋಗುವ ಅಪಾಯ ಇರುತ್ತೆ. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮರಗಟ್ಟಿದ ಹಾಗಿದ್ದವು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಬೆರಳು ಮಡಿಸಿ ಬಿಡಿಸಿ ಮಾಡಿ ಹಿಡಿತ ಬರುವ ಹೊತ್ತಿಗೆ ಯುಗಾದಿ ಹತ್ತಿರ ಬಂದಿತ್ತು.

ಮೂಳೆ ಕೂಡಿತು. ಆದರೆ ಅದು ಯಾಕೆ ಮುರಿಯಿತು ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬಿದ್ದಿರಿ, ಮುರಿಯಿತು, ಅಷ್ಟೇ. ಕೇಳಿದ್ದು ಮಗಳು. "ಅಮ್ಮ, ಅಷ್ಟು ಸಣ್ಣ ಬೀಳುವಿಕೆಗೆ ಮೂಳೆ ಮುರೀಬಾರದು ಅಲ್ವಾ?" ಅಂದಳು.

ಆಗ ನಮ್ಮ ಏರಿಯಾದ ಒಂದು ಮೆಡಿಕಲ್ ಸ್ಟೋರಿನಲ್ಲಿ ಉಚಿತ ಮೂಳೆ ತಪಾಸಣೆ ಶಿಬಿರ ಇತ್ತು. ಹಿಮ್ಮಡಿಯನ್ನು ಒಂದು ಸಣ್ಣ ಯಂತ್ರದೊಳಗೆ ಇಡಿಸಿ, ಚೀಟಿ ಕೊಡುತ್ತಾರೆ. ನನಗೆ ಹಸಿರು ಬಣ್ಣದ ಚೀಟಿ ಬಂತು. "ನಾರ್ಮಲ್ ಇದೆ ಮೇಡಂ" ಅಂದರು. ಇಂಥ ಶಿಬಿರಕ್ಕೆ ಹೋದವರಿಗೆ ಒಂದು ಮಾತು ಹೇಳಬೇಕು. ಆ ಯಂತ್ರ ಶಬ್ದದ ಅಲೆಯಿಂದ ಹಿಮ್ಮಡಿಯ ಮೂಳೆಯನ್ನು ಮಾತ್ರ ನೋಡುತ್ತೆ. ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ, ಇದೆ, ಇಲ್ಲ ಅಂತ ತೀರ್ಮಾನಿಸಲು ಅದು ಸಾಲದು. ಅದಕ್ಕೆ ಬೇಕಾದದ್ದು ಡೆಕ್ಸಾ ಸ್ಕ್ಯಾನ್. ಸೊಂಟದ ಕೀಲು, ಬೆನ್ನುಮೂಳೆ, ಕೆಲವು ಸಲ ಮುಂಗೈ ಇವುಗಳ ಸಾಂದ್ರತೆಯನ್ನು ಅದು ಅಳೆಯುತ್ತೆ.

ಮಗಳು ಮೈಸೂರಿನಲ್ಲಿದ್ದಾಳೆ. ಹಾಗಾಗಿ ಡೆಕ್ಸಾ ಅಲ್ಲೇ ಮಾಡಿಸಿದೆವು. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಬಸ್ಸಿನಲ್ಲಿ ಹೋದೆ. ಹಿಂದಿನ ದಿನ ಕ್ಯಾಲ್ಸಿಯಂ ಮಾತ್ರೆ ತಗೋಬೇಡಿ ಅಂತ ಮೊದಲೇ ಹೇಳಿದ್ದರು. ಅಲ್ಲಿ ತಾಳಿಸರ ತೆಗೆಸಿದರು, ಸೀರೆಯ ಪಿನ್ನು ತೆಗೆಸಿದರು, ಹುಕ್ಸ್ ಇರುವ ಬ್ಲೌಸ್ ಬಿಚ್ಚಿಸಿ ಅವರದ್ದೇ ಗೌನ್ ಕೊಟ್ಟರು. ಮೆತ್ತನೆಯ ಉದ್ದ ಮೇಜಿನ ಮೇಲೆ ಮಲಗಿದೆ. ಬೆನ್ನಿನ ಚಿತ್ರಕ್ಕೆ ಮೊಣಕಾಲಿನ ಕೆಳಗೆ ಚೌಕದ ಸ್ಪಂಜಿನ ಪೆಟ್ಟಿಗೆ ಇಟ್ಟು ಕಾಲು ಎತ್ತಿಸಿದರು. ಸೊಂಟದ ಚಿತ್ರಕ್ಕೆ ಪಾದವನ್ನು ಒಳಗೆ ತಿರುಗಿಸಿ ಒಂದು ಪಟ್ಟಿಯಿಂದ ಕಟ್ಟಿದರು. ಮೇಲೆ ಒಂದು ತೋಳು ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ಹೋಯಿತು. ಎಂ.ಆರ್.ಐ. ತರಹ ಗುಹೆಯೊಳಗೆ ಹೋಗುವ ಭಯವಿಲ್ಲ, ಚುಚ್ಚುವುದಿಲ್ಲ, ನೋವಿಲ್ಲ. ಕಾಲು ಗಂಟೆಯಲ್ಲಿ ಮುಗಿಯಿತು. ವಿಕಿರಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ನಮ್ಮಿಂದ ತಗೊಂಡದ್ದು 2,800 ರೂಪಾಯಿ.

ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತೆ. ಆರೋಗ್ಯವಾಗಿರುವ ಯುವತಿಯರ ಮೂಳೆಯ ಸರಾಸರಿ ಸಾಂದ್ರತೆಗೆ ನಮ್ಮದನ್ನು ಹೋಲಿಸಿ ಕೊಡುವ ಅಂಕ ಅದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗಡಿ ಪ್ರಕಾರ -1ರವರೆಗೆ ಸರಿ, -1ರಿಂದ -2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ (ಸಾಂದ್ರತೆ ಸ್ವಲ್ಪ ಕಡಿಮೆ), -2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ನನ್ನದು ಬೆನ್ನಿನಲ್ಲಿ -1.1, ತೊಡೆಮೂಳೆಯ ಕತ್ತಿನಲ್ಲಿ -2.1. ಕೆಳಗೆ ದಪ್ಪಕ್ಷರದಲ್ಲಿ ಆಸ್ಟಿಯೋಪೀನಿಯಾ ಅಂತ ಬರೆದಿತ್ತು. ಊರಿಗೆ ಬಂದು ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆ. "ಪರವಾಗಿಲ್ಲ, ಈ ವಯಸ್ಸಿಗೆ ಇಷ್ಟು ಎಲ್ಲರಿಗೂ ಇರುತ್ತೆ. ಕ್ಯಾಲ್ಸಿಯಂ ತಗೊಳ್ಳಿ" ಅಂದರು. ಸಕ್ಕರೆ ಇದೆಯಾ ಅಂತ ಕೇಳಲಿಲ್ಲ. ಕೈ ಮುರಿದಿತ್ತು ಅಂತ ನಾನೇ ಹೇಳಿದೆ. ಬಿದ್ದರೆ ಮುರಿಯುತ್ತೆ ಅಂದರು.

ಮಗಳಿಗೆ ಸಮಾಧಾನ ಆಗಲಿಲ್ಲ. ಮೈಸೂರಿನಲ್ಲಿ ಒಬ್ಬ ಎಂಡೋಕ್ರೈನಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಹಾರ್ಮೋನು, ಸಕ್ಕರೆ, ಮೂಳೆ ಮೂರನ್ನೂ ಒಟ್ಟಿಗೆ ನೋಡುವ ಡಾಕ್ಟರು ಇವರು. ಮೊದಲು ಅವರು ಸ್ಕ್ಯಾನ್ ರಿಪೋರ್ಟು ತೆಗೆಯಲೇ ಇಲ್ಲ. "ಅಮ್ಮಾ, ಎಲ್ಲಾ ಮಾತ್ರೆಗಳ ಸ್ಟ್ರಿಪ್ಪು ತಂದಿದ್ದೀರಾ? ಮೇಜಿನ ಮೇಲೆ ಇಡಿ" ಅಂದರು. ಆಮೇಲೆ ಗರ್ಭಕೋಶದ ಆಪರೇಷನ್ ವಿಷಯ ಕೇಳಿದರು. "ಅಂಡಾಶಯಾನೂ ತೆಗೆದಿದ್ರಾ?"

ಈ ಪ್ರಶ್ನೆಗೆ ಎಷ್ಟು ಹೆಂಗಸರ ಹತ್ತಿರ ಉತ್ತರ ಇರುತ್ತೆ? ನನ್ನ ಗಿರಾಕಿಗಳಲ್ಲೇ ಆಪರೇಷನ್ ಆದವರು ಬಹಳ ಜನ ಇದ್ದಾರೆ. ಏನೇನು ತೆಗೆದರು ಅಂತ ಕೇಳಿದರೆ "ಚೀಲ ತೆಗೆದ್ರು" ಅನ್ನುತ್ತಾರೆ, ಅಷ್ಟೇ. ನನ್ನ ಡಿಸ್ಚಾರ್ಜ್ ಕಾಗದ ಮದುವೆ ಸೀರೆಯ ಟ್ರಂಕಿನ ತಳದಲ್ಲಿ ಸಿಕ್ಕಿತು. ಎರಡೂ ಅಂಡಾಶಯ ತೆಗೆದಿದ್ದರು. ಅಂದರೆ ನನಗೆ ಮುಟ್ಟು ತಾನಾಗಿ ನಿಂತದ್ದಲ್ಲ, 42ಕ್ಕೆ ಒಂದೇ ದಿನದಲ್ಲಿ ನಿಂತದ್ದು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು 45ಕ್ಕಿಂತ ಮೊದಲೇ ನಿಂತರೆ ಮೂಳೆಗೆ ಹೊಡೆತ ಜಾಸ್ತಿ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕೆಡವುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ದಿನವೂ ಕೆಲಸ ಮಾಡುತ್ತಿರುತ್ತವೆ. ಕೆಡವುವುದನ್ನು ಹಿಡಿತದಲ್ಲಿಡುವುದು ಈಸ್ಟ್ರೋಜನ್. ಅದು ಹೋದ ಮೇಲಿನ ಕೆಲವು ವರ್ಷ ಮೂಳೆ ತುಂಬಾ ವೇಗವಾಗಿ ಕರಗುತ್ತೆ. ನನಗೆ ಆ ವೇಗದ ವರ್ಷಗಳು ಮುಗಿಯುವ ಹೊತ್ತಿಗೆ ಸಕ್ಕರೆ ಬಂತು. ಮೂಳೆ ಕಟ್ಟುವ ಕೆಲಸವನ್ನೇ ಸಕ್ಕರೆ ನಿಧಾನ ಮಾಡುತ್ತೆ.

"ಮೇಡಂ, ಹಾಗಾದ್ರೆ ಸ್ಕ್ಯಾನ್‌ನಲ್ಲಿ ಯಾಕೆ ಪರವಾಗಿಲ್ಲ ಅಂತ ಬಂತು?" ಅಂದೆ.

ನಾನು ಟೈಲರ್ ಅಂತ ಅವರಿಗೆ ಗೊತ್ತಿತ್ತು. "ಹಳೇ ಲಂಗದ ಎಲಾಸ್ಟಿಕ್ ನೋಡಿದ್ದೀರಲ್ಲ? ಅಗಲ ಅಷ್ಟೇ ಇರುತ್ತೆ, ದಪ್ಪ ಅಷ್ಟೇ ಇರುತ್ತೆ. ಎಳೆದರೆ ಪಟ್ ಅಂತ ಹೋಗುತ್ತೆ. ಸ್ಕ್ಯಾನ್ ಅಳೆಯೋದು ದಪ್ಪ ಮಾತ್ರ. ಎಳೆತ ಅಳೆಯಲ್ಲ" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಮೂಳೆ ಅಂದರೆ ಬರೀ ಕ್ಯಾಲ್ಸಿಯಂ ಅಲ್ಲ. ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆಗಳ ಮೇಲೆ ಖನಿಜ ಕೂತಿರುತ್ತೆ. ಆ ಎಳೆಗಳಿಂದಲೇ ಮೂಳೆಗೆ ಸ್ವಲ್ಪ ಬಾಗುವ ಗುಣ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅದು ಈ ಎಳೆಗಳಿಗೆ ಅಂಟಿಕೊಂಡು ಒಂದಕ್ಕೊಂದು ಬಿಗಿದುಹಾಕುತ್ತೆ. ಮೂಳೆ ಪೆಡಸಾಗುತ್ತೆ. ನಾವು ಮೂರು ತಿಂಗಳ ಸಕ್ಕರೆ ಅಂತ ನೋಡಿಸುವ ಎಚ್‌ಬಿಎ1ಸಿ ಕೂಡ ಸಕ್ಕರೆ ಹೀಗೆ ಅಂಟಿಕೊಳ್ಳುವುದರ ಲೆಕ್ಕವೇ. ಅಲ್ಲಿ ಅಂಟುವುದು ಹಿಮೋಗ್ಲೋಬಿನ್‌ಗೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಹೋಗುತ್ತೆ, ಜೊತೆಗೆ ಅಂಟಿದ ಸಕ್ಕರೆಯೂ ಹೋಗುತ್ತೆ. ಮೂಳೆಯ ಕೊಲಾಜೆನ್ ವರ್ಷಗಟ್ಟಲೆ ಅಲ್ಲೇ ಇರುತ್ತೆ. ಕಟ್ಟುವ ಕೆಲಸ ನಿಧಾನವಾದರೆ ಇನ್ನೂ ಜಾಸ್ತಿ ದಿನ ಇರುತ್ತೆ. ಅಂಟಿದ್ದೂ ಹಾಗೇ ಉಳಿಯುತ್ತೆ.

ಈ ವಿವರಣೆ ಕೇಳಿದ ಮೇಲೆ ನನಗೆ ಎಷ್ಟೋ ವಿಷಯ ಒಟ್ಟಿಗೆ ಅರ್ಥವಾಯಿತು. ಒಂದೇ ಟಿ-ಸ್ಕೋರ್ ಇರುವ ಇಬ್ಬರು ಹೆಂಗಸರಲ್ಲಿ ಸಕ್ಕರೆ ಇರುವವಳ ಮೂಳೆ ಮುರಿಯುವ ಸಾಧ್ಯತೆ ಜಾಸ್ತಿ. ಸುಮಾರು ಅರ್ಧ ಅಂಕ ಕೆಳಗೆ ಇಳಿಸಿ ಓದಬೇಕು ಅಂತ ಡಾಕ್ಟರು ಹೇಳಿದರು. ನನ್ನ -2.1ನ್ನು -2.6ರ ಹಾಗೆ ನೋಡಬೇಕು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2024ರ ಮಾರ್ಗಸೂಚಿಯಲ್ಲಿ ಸಕ್ಕರೆ ಇರುವ ಹಿರಿಯರಿಗೆ ಟಿ-ಸ್ಕೋರ್ -2.0 ಅಥವಾ ಅದಕ್ಕಿಂತ ಕೆಳಗೆ ಇದ್ದರೇ ಮೂಳೆಯ ಔಷಧಿ ಕೊಡುವಂತೆ ಹೇಳಿದೆ. ಎಲ್ಲರಿಗೂ ಇರುವ -2.5ರ ಗಡಿಗೆ ಕಾಯಬೇಕಿಲ್ಲ. ನನ್ನ ಬೆನ್ನಿನ -1.1ರ ಬಗ್ಗೆಯೂ ಒಂದು ಮಾತು ಹೇಳಿದರು. ಬೆನ್ನುಮೂಳೆಯಲ್ಲಿ ವಯಸ್ಸಿನ ಸವೆತದಿಂದ ಅಲ್ಲಲ್ಲಿ ಮೂಳೆಯ ಕೊಕ್ಕೆ ಬೆಳೆದಿದ್ದರೆ ಸ್ಕ್ಯಾನ್ ಅದನ್ನೂ ಸೇರಿಸಿ ಲೆಕ್ಕ ಹಾಕುತ್ತೆ. ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತೆ.

ಕಂಪ್ಯೂಟರಿನಲ್ಲಿ ಫ್ರಾಕ್ಸ್ ಅಂತ ಒಂದು ಲೆಕ್ಕವನ್ನೂ ಹಾಕಿ ತೋರಿಸಿದರು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದದ್ದು. ವಯಸ್ಸು, ತೂಕ, ಎತ್ತರ, ಹಿಂದೆ ಮೂಳೆ ಮುರಿದಿತ್ತಾ, ಅಪ್ಪ ಅಮ್ಮನಿಗೆ ಸೊಂಟ ಮುರಿದಿತ್ತಾ ಎಲ್ಲ ಹಾಕಿದರೆ ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಅಂತ ಹೇಳುತ್ತೆ. ನಮ್ಮ ದೇಶಕ್ಕೆ ಬೇರೆ ಲೆಕ್ಕವೂ ಅದರಲ್ಲಿದೆ. ಆದರೆ ಟೈಪ್ 2 ಸಕ್ಕರೆಗೆ ಅಲ್ಲಿ ಒಂದು ಖಾನೆ ಇಲ್ಲ! ಅದಕ್ಕೇ ರುಮಟಾಯ್ಡ್ ಸಂಧಿವಾತದ ಖಾನೆಗೆ ಟಿಕ್ ಹಾಕಿ ಸಕ್ಕರೆಯ ಪಾಲನ್ನು ಸರಿದೂಗಿಸುತ್ತಾರಂತೆ. ನನ್ನ ಎದುರಿಗೇ ಹಾಕಿ ತೋರಿಸಿದರು. ಪರದೆಯ ಮೇಲಿನ ಅಂಕ ಏರಿತು.

ಆಮೇಲೆ ಎತ್ತರ ಅಳೆದರು. ನನ್ನ ಎತ್ತರ ನನಗೆ ಬಾಯಿಪಾಠ, 5 ಅಡಿ 1 ಅಂಗುಲ. ಲಂಗ ಹೊಲಿದುಕೊಳ್ಳುವವಳು ನಾನೇ ತಾನೇ. ಅಲ್ಲಿ ಬಂದದ್ದು 4 ಅಡಿ 11. ಎರಡು ಅಂಗುಲ ಎಲ್ಲಿ ಹೋಯಿತು? ಆಗ ನೆನಪಾಯಿತು. ಒಂದೆರಡು ವರ್ಷದಿಂದ ನನ್ನ ಹಳೇ ಲಂಗಗಳ ಅಂಚು ನೆಲಕ್ಕೆ ತಾಗುತ್ತಿತ್ತು. ಬಟ್ಟೆ ಸಡಿಲವಾಗಿದೆ ಅಂತ ಮೇಲೆ ಮಡಿಸಿ ಹೊಲಿಗೆ ಹಾಕಿದ್ದೆ. ಬೇರೆಯವರ ಅಳತೆ ದಿನವೂ ತೆಗೆಯುತ್ತೇನೆ, ಟೇಪು ಕೊರಳಲ್ಲೇ ಇರುತ್ತೆ. ಬೆನ್ನು ಕುಗ್ಗಿದ್ದನ್ನು ಲಂಗ ಹೇಳುತ್ತಿತ್ತು.

ಡಾಕ್ಟರು ಬೆನ್ನನ್ನು ಪಕ್ಕದಿಂದ ಎಕ್ಸ್‌ರೇ ತೆಗೆಸಿದರು. ಎದೆಯ ಭಾಗದ ಕೊನೆಯ ಮೂಳೆ ಮುಂದಿನಿಂದ ಚಪ್ಪಟೆಯಾಗಿತ್ತು. ಹಳೇ ಮುರಿತ. ಯಾವಾಗ ಆಯಿತೋ ಗೊತ್ತಿಲ್ಲ. ಒಂದು ಸಲ ನೀರಿನ ಬಿಂದಿಗೆ ಎತ್ತಿದಾಗ ಬೆನ್ನು ಹಿಡಿದುಕೊಂಡು ಸುಮಾರು ದಿನ ನೋವಿತ್ತು, ನೋವಿನ ಮುಲಾಮು ಹಚ್ಚಿಕೊಂಡು ಓಡಾಡಿದ್ದೆ. ಅದೇ ಇರಬಹುದು ಅಂದರು. ಬೆನ್ನುಮೂಳೆಯ ಮುರಿತಗಳಲ್ಲಿ ಮೂರರಲ್ಲಿ ಎರಡರಷ್ಟು ಆ ಸಮಯಕ್ಕೆ ಯಾರ ಗಮನಕ್ಕೂ ಬರುವುದಿಲ್ಲವಂತೆ. ಇಂಥ ಮುರಿತ ಒಂದು ಸಿಕ್ಕಿದರೆ ಸಾಕು. ಟಿ-ಸ್ಕೋರ್ ಎಷ್ಟೇ ಇರಲಿ, ಅದು ಆಸ್ಟಿಯೋಪೊರೋಸಿಸ್. ನನ್ನ ಫೈಲಿನಲ್ಲಿ ಆಸ್ಟಿಯೋಪೀನಿಯಾ ಅಂತ ಇದ್ದದ್ದನ್ನು ಹೊಡೆದು ಅದನ್ನೇ ಬರೆದರು.

ಮೇಜಿನ ಮೇಲಿದ್ದ ಸ್ಟ್ರಿಪ್ಪುಗಳಿಗೆ ಬರುತ್ತೇನೆ, ಯಾಕೆಂದರೆ ಇದು ಬಹಳ ಜನಕ್ಕೆ ಉಪಯೋಗಕ್ಕೆ ಬರುವ ವಿಷಯ. ನಾನು ಬೆಳಿಗ್ಗೆ ತಗೊಳ್ಳುತ್ತಿದ್ದದ್ದು ಒಂದೇ ಮಾತ್ರೆ. ಆದರೆ ಅದರೊಳಗೆ ಮೂರು ಔಷಧಿ ಇದ್ದವು: ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಪಯೋಗ್ಲಿಟಜೋನ್. ಈ ಮೂರೂ ಸೇರಿದ ಮಾತ್ರೆ ನಮ್ಮಲ್ಲಿ ತುಂಬಾ ನಡೆಯುತ್ತೆ. ಡಾಕ್ಟರು ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಕ್ಕೆ ಪೆನ್ನು ಇಟ್ಟು ತೋರಿಸಿದರು. ಪಯೋಗ್ಲಿಟಜೋನ್ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚಿಸುತ್ತೆ. ಇದು 2007ರಿಂದಲೇ ಗೊತ್ತಿರುವ ಎಚ್ಚರಿಕೆ. ಗ್ಲಿಮಿಪಿರೈಡ್‌ನಿಂದ ಸಕ್ಕರೆ ಕೆಲವು ಸಲ ಜಾಸ್ತಿಯೇ ಇಳಿದುಬಿಡುತ್ತೆ, ತಲೆ ತಿರುಗಿ ಬೀಳುವ ಅಪಾಯ. ಬೆಳಗಿನ ಜಾವ ಏಳುವಾಗ ನನಗೆ ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು. ಅದು ಮುಟ್ಟು ನಿಂತವರ ಬೆವರು ಅಂತ ಎಲ್ಲರೂ ಹೇಳುತ್ತಿದ್ದರು. ಮೆಟ್‌ಫಾರ್ಮಿನ್ ಮೂಳೆಗೆ ತೊಂದರೆ ಮಾಡಲ್ಲ, ಆದರೆ ವರ್ಷಗಟ್ಟಲೆ ತಗೊಂಡರೆ ಬಿ12 ವಿಟಮಿನ್ ಕಮ್ಮಿಯಾಗಬಹುದು. ಅದರಿಂದ ಕಾಲಿನ ನರ ಮಂದವಾಗುತ್ತೆ. ನನ್ನ ಬಿ12 ಕಡಿಮೆಯೇ ಇತ್ತು.

ಮೆಟ್‌ಫಾರ್ಮಿನ್ ಉಳಿಸಿ, ಉಳಿದ ಎರಡನ್ನೂ ಬಿಡಿಸಿ, ಮೂಳೆಗೂ ತೊಂದರೆಯಿಲ್ಲದ, ಸಕ್ಕರೆಯೂ ಏಕಾಏಕಿ ಇಳಿಯದ ಬೇರೆ ಮಾತ್ರೆ ಬರೆದರು. ದಯವಿಟ್ಟು ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಸ್ಟ್ರಿಪ್ಪು ತಗೊಂಡು ಹೋಗಿ ಕೇಳಿ. ಸಕ್ಕರೆ ಏರಿದರೂ ಮೂಳೆಗೆ ಕೇಡೇ.

ಪಾದದ ಪರೀಕ್ಷೆಯೂ ಆಯಿತು. ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಪಾದದ ಬೇರೆ ಬೇರೆ ಜಾಗಕ್ಕೆ ಒತ್ತಿದರು. ತಾಗಿದಾಗ ಹೇಳಿ ಅಂದರು. ಹೆಬ್ಬೆರಳಿನ ಕೆಳಗೆ ನನಗೆ ಗೊತ್ತೇ ಆಗಲಿಲ್ಲ. ನಡುಗುವ ಕಬ್ಬಿಣದ ಕವೆಯನ್ನು ಹೆಬ್ಬೆರಳ ಮೂಳೆಯ ಮೇಲೆ ಇಟ್ಟಾಗಲೂ ನಡುಕ ಬೇಗ ನಿಂತ ಹಾಗೆ ಅನಿಸಿತು. ಹೊಲಿಗೆ ಮಿಷನ್ನಿನ ಪೆಡಲ್ ಕೆಲವೊಮ್ಮೆ ಕಾಲಿಗೆ ಸಿಗುತ್ತಿರಲಿಲ್ಲ, ಬಗ್ಗಿ ನೋಡಬೇಕಾಗುತ್ತಿತ್ತು. ಕಾರಣ ಇದು. ಪಾದಕ್ಕೆ ನೆಲ ಗೊತ್ತಾಗದಿದ್ದರೆ, ಕಣ್ಣು ಮಂಜಾದರೆ, ಸಕ್ಕರೆ ಇಳಿದರೆ, ಮನುಷ್ಯ ಬೀಳುತ್ತಾನೆ. ಸಕ್ಕರೆ ಇರುವವರ ಮೂಳೆ ಮುರಿಯುವುದಕ್ಕೆ ಅರ್ಧ ಕಾರಣ ಮೂಳೆಯ ಹೊರಗೇ ಇರುತ್ತೆ ಅಂತ ನನಗೆ ಈಗ ಅನ್ನಿಸುತ್ತೆ.

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಕ್ರಿಯಾಟಿನಿನ್, ಥೈರಾಯ್ಡ್, ಪ್ಯಾರಾಥೈರಾಯ್ಡ್, ವಿಟಮಿನ್ ಡಿ ಎಲ್ಲ ನೋಡಿದರು. ವಿಟಮಿನ್ ಡಿ 11 ಇತ್ತು. 20ಕ್ಕಿಂತ ಕಡಿಮೆಯಾದರೆ ಕೊರತೆ. ವರ್ಷವೆಲ್ಲ ಬಿಸಿಲಿರುವ ಊರಿನಲ್ಲಿ ಹೀಗಾ ಅಂದರೆ, ಬೆಳಗಿನಿಂದ ಸಂಜೆವರೆಗೆ ಅಂಗಡಿಯೊಳಗೆ ಕೂತವರಿಗೆ ಬಿಸಿಲು ಎಲ್ಲಿಂದ? 60,000 ಯೂನಿಟ್ಟಿನ ಪುಡಿಯನ್ನು ವಾರಕ್ಕೊಂದು, ಎಂಟು ವಾರ, ಊಟವಾದ ಮೇಲೆ ಹಾಲಿನಲ್ಲಿ ಕಲಸಿ ಕುಡಿದೆ. ಇದನ್ನು ದಿನವೂ ತಗೊಂಡು ಆಸ್ಪತ್ರೆ ಸೇರುವವರೂ ಇದ್ದಾರಂತೆ, ವಾರಕ್ಕೊಂದೇ ಅಂತ ಡಾಕ್ಟರು ಚೀಟಿಯಲ್ಲಿ ಎರಡು ಗೆರೆ ಎಳೆದಿದ್ದರು.

ಊಟದ ವಿಷಯಕ್ಕೆ ಬಂದರೆ ನಮ್ಮ ಹಾಸನದ ಕಡೆಯವರು ಪುಣ್ಯವಂತರು. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ 250ರಷ್ಟು. ಎಳ್ಳು, ನುಗ್ಗೆ ಸೊಪ್ಪಿನಲ್ಲೂ ಧಾರಾಳವಾಗಿದೆ. ಪಾಲಕ್‌ನಲ್ಲಿ ಇದ್ದರೂ ಅದರಲ್ಲಿರುವ ಆಕ್ಸಲೇಟ್‌ನಿಂದಾಗಿ ಮೈಗೆ ಹತ್ತುವುದು ಕಡಿಮೆ. ಆದರೆ ರಾಗಿಯೂ ಹಿಟ್ಟೇ ಅಲ್ವಾ, ಸಕ್ಕರೆ ಏರಿಸುತ್ತೆ. ಮೊದಲಿನ ಹಾಗೆ ಎರಡು ದಪ್ಪ ಮುದ್ದೆ ಉಣ್ಣುವ ಹಾಗಿಲ್ಲ. ಈಗ ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಜೊತೆಗೆ ಸೊಪ್ಪು, ಹುರುಳಿಕಾಳು ಹಾಕಿದ ಬಸ್ಸಾರು, ಪಲ್ಯ ಜಾಸ್ತಿ, ಒಂದು ಮೊಟ್ಟೆ. ರಾತ್ರಿ ಮಜ್ಜಿಗೆ. ಪ್ರೋಟೀನ್ ಕಡಿಮೆಯಾದರೆ ಸ್ನಾಯು ಸೋಲುತ್ತೆ, ಸ್ನಾಯು ಸೋತರೆ ಬೀಳುತ್ತೀರಿ ಅಂತ ಒತ್ತಿ ಹೇಳಿದ್ದರು. ಊಟದಿಂದ ಸಾಲದ ಕ್ಯಾಲ್ಸಿಯಂಗೆ ಮಾತ್ರೆ. ಕಾರ್ಬೊನೇಟ್ ಮಾತ್ರೆಯಾದರೆ ಊಟದ ಜೊತೆಗೇ ತಗೋಬೇಕು. ಜನೌಷಧಿ ಕೇಂದ್ರದಲ್ಲಿ ಕಮ್ಮಿ ಬೆಲೆಗೆ ಸಿಗುತ್ತೆ.

ಮೂಳೆಯ ಔಷಧಿ ಅಂತ ಮೊದಲು ಕೊಟ್ಟದ್ದು ಅಲೆಂಡ್ರೊನೇಟ್ 70 ಮಿಲಿಗ್ರಾಂ, ವಾರಕ್ಕೊಂದು ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಕಾಫಿ ಕೂಡ ಇಲ್ಲ. ಸೋಮವಾರ ಬೆಳಿಗ್ಗೆ ಅಂತ ಇಟ್ಟುಕೊಂಡೆ. ನನಗೆ ಮೊದಲೇ ಹುಳಿತೇಗು, ಎದೆಯುರಿ. ಕೆಲವು ವಾರದಲ್ಲಿ ಗಂಟಲವರೆಗೆ ಉರಿ ಬಂತು. ಎಷ್ಟೋ ಜನಕ್ಕೆ ಇದೇ ಮಾತ್ರೆ ಚೆನ್ನಾಗಿ ಒಗ್ಗುತ್ತೆ, ನನಗೆ ಒಗ್ಗಲಿಲ್ಲ.

ಎರಡು ದಾರಿ ಇವೆ ಅಂದರು. ಒಂದು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್. ಒಳ್ಳೆಯದೇ, ಆದರೆ ಅದನ್ನು ಮಧ್ಯದಲ್ಲಿ ಬಿಟ್ಟರೆ ಉಳಿಸಿದ ಮೂಳೆ ಬೇಗ ಕರಗಿ ಬೆನ್ನುಮೂಳೆಗಳು ಮುರಿಯುವ ಅಪಾಯ ಇದೆ. ಇನ್ನೊಂದು ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಏರಿಸುವ ಜೋಲೆಡ್ರೊನಿಕ್ ಆಸಿಡ್, 5 ಮಿಲಿಗ್ರಾಂ. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮೂರು ವರ್ಷಕ್ಕೆ ಬೆನ್ನುಮೂಳೆಯ ಮುರಿತ ಶೇ 70, ಸೊಂಟದ ಮುರಿತ ಶೇ 41 ಕಡಿಮೆಯಾಗಿತ್ತು. ವರ್ಷಕ್ಕೊಂದು ಸಲ ಮೈಸೂರಿಗೆ ಬರುವುದು ನನಗೆ ಕಷ್ಟವಲ್ಲ. ಅದನ್ನೇ ಆರಿಸಿಕೊಂಡೆ.

ಅದಕ್ಕೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಈ ಔಷಧಿ ತಗೊಳ್ಳುವಾಗ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆಯ ಮೂಳೆ ವಾಸಿಯಾಗದೆ ಉಳಿಯುತ್ತೆ. ಸಕ್ಕರೆಯವರ ವಸಡು ಮೊದಲೇ ದುರ್ಬಲ. ನನಗೆ ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು. ಅದನ್ನು ಕೀಳಿಸಿ, ಗಾಯ ಪೂರ್ತಿ ಮಾಗುವವರೆಗೆ ಕಾದೆವು. ವಿಟಮಿನ್ ಡಿ ಮೇಲೆ ಬಂದಿದೆಯಾ, ಕ್ಯಾಲ್ಸಿಯಂ ಸರಿ ಇದೆಯಾ, ಕಿಡ್ನಿ ತಡೆಯುತ್ತಾ ಅಂತ ಮತ್ತೊಮ್ಮೆ ನೋಡಿದರು. ಅಷ್ಟು ಹೊತ್ತಿಗೆ ಆಷಾಢ ಬಂದಿತ್ತು. ನಮ್ಮ ಕಸುಬಿಗೆ ಅದೇ ಬಿಡುವಿನ ಕಾಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯ ಬ್ಲೌಸುಗಳು ಮುಗಿಯುವುದೇ ಇಲ್ಲ.

ಇಂಜೆಕ್ಷನ್ ದಿನ ಚೆನ್ನಾಗಿ ನೀರು ಕುಡಿದು ಬನ್ನಿ ಅಂದಿದ್ದರು. ಸಣ್ಣ ಬಾಟಲಿ, 100 ಎಂ.ಎಲ್. ಕನಿಷ್ಠ ಹದಿನೈದು ನಿಮಿಷವಾದರೂ ನಿಧಾನವಾಗಿ ಹೋಗಬೇಕು, ನನಗೆ ಅರ್ಧ ಗಂಟೆ ಹಾಕಿದರು. ಆಗ ಏನೂ ಆಗಲಿಲ್ಲ. ಮಾರನೇ ದಿನ ಚಳಿ, ಜ್ವರ, ಮೈಯ ಒಂದೊಂದು ಗಂಟೂ ನೋವು. ಮೊದಲ ಸಲ ಹೀಗಾಗುತ್ತೆ, ಪ್ಯಾರಸಿಟಮಾಲ್ ತಗೊಂಡು ಮಲಗಿ, ಮೂರು ದಿನದಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹಾಗೇ ಇಳಿಯಿತು. ಮುಂದಿನ ವರ್ಷದ ಇಂಜೆಕ್ಷನ್‌ಗೆ ಬರೀ ಸ್ವಲ್ಪ ಮೈಕೈ ನೋವು.

ಮನೆಯಲ್ಲಿ, ಅಂಗಡಿಯಲ್ಲಿ ಬದಲಾದದ್ದು ಬಹಳ. ಮೂವತ್ತು ವರ್ಷ ನೆಲದ ಮೇಲೆ ಬಟ್ಟೆ ಹಾಸಿ, ಸೊಂಟ ಬಗ್ಗಿಸಿ ಕತ್ತರಿಸಿದವಳು ನಾನು. ಬೆನ್ನುಮೂಳೆ ಒಮ್ಮೆ ಕುಸಿದವರು ಮುಂದಕ್ಕೆ ಬಗ್ಗಿ ಭಾರ ಎತ್ತಬಾರದು, ಬಗ್ಗಿಯೇ ಕೆಲಸ ಮಾಡಬಾರದು. ನಮ್ಮನೆಯವರು ಬಡಗಿಯ ಹತ್ತಿರ ಸೊಂಟದೆತ್ತರದ ಕಟಿಂಗ್ ಟೇಬಲ್ ಮಾಡಿಸಿಕೊಟ್ಟರು. ಉದ್ದ ಹಿಡಿಯ ಪೊರಕೆ ಬಂತು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ರಾತ್ರಿ ದೀಪ, ಹಿಂದೆ ಪಟ್ಟಿ ಇರುವ ಚಪ್ಪಲಿ. ರಂಗೋಲಿ ಈಗಲೂ ನಾನೇ ಹಾಕುತ್ತೇನೆ, ಮೆಟ್ಟಿಲು ಒಣಗಿದ ಮೇಲೆ, ಬೆಳಕಾದ ಮೇಲೆ, ಸಣ್ಣ ಮಣೆಯ ಮೇಲೆ ಕೂತು.

ಫಿಸಿಯೋಥೆರಪಿಯ ಹುಡುಗಿ ಕಲಿಸಿದ ವ್ಯಾಯಾಮ ದಿನವೂ ಮಾಡುತ್ತೇನೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ತಳ್ಳುವುದು. ಅಡುಗೆಕಟ್ಟೆ ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು. ಮೊದಲು ಕಟ್ಟೆ ಬಿಟ್ಟರೆ ವಾಲುತ್ತಿದ್ದೆ. ಈಗ ಹಾಲು ಉಕ್ಕುವವರೆಗೆ ಒಂದೊಂದು ಕಾಲಿನ ಮೇಲೆ ನಿಲ್ಲುತ್ತೇನೆ. ಬರೀ ವಾಕಿಂಗ್ ಸಾಲದು ಅಂತ ನನಗೆ ಇದರಿಂದ ಖಾತ್ರಿಯಾಯಿತು. ಮಧ್ಯಾಹ್ನ ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಟೆರೇಸಿನಲ್ಲಿ ಕೂತು ಕುಚ್ಚು ಕಟ್ಟುತ್ತೇನೆ, ತೋಳು ಬಿಸಿಲಿಗೆ ಬಿಟ್ಟು.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನದೇ ಲೆಕ್ಕ ಬರೆದಿಟ್ಟಿದ್ದೇನೆ. ಎತ್ತರ, ಎಚ್‌ಬಿಎ1ಸಿ, ವಿಟಮಿನ್ ಡಿ, ಬಿ12, ಇಂಜೆಕ್ಷನ್ ತಾರೀಖು. ಎತ್ತರ ಆಮೇಲೆ ಇಳಿದಿಲ್ಲ. ಗಿರಾಕಿಗಳಲ್ಲಿ ಹಳೇ ಲಂಗ ಮೇಲೆ ಮಡಿಸಿ ಹೊಲಿದುಕೊಡಿ ಅಂತ ಬರುವ ಹೆಂಗಸರಿಗೆ ಈಗ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಸಕ್ಕರೆ ಇದೆಯಾ? ಮುಟ್ಟು ನಿಂತು ಎಷ್ಟು ವರ್ಷ ಆಯಿತು? ಇದ್ದರೆ ಬೆನ್ನಿನ ಎಕ್ಸ್‌ರೇ ಪಕ್ಕದಿಂದ ತೆಗೆಸಿ ಅನ್ನುತ್ತೇನೆ. ಕೆಲವರು ನಿಮಗ್ಯಾಕೆ ಅನ್ನೋ ಹಾಗೆ ನೋಡುತ್ತಾರೆ. ಒಬ್ಬರು ಹೋಗಿ ತೆಗೆಸಿದರು, ಎರಡು ಮೂಳೆ ಕುಸಿದಿತ್ತು.

ಈ ಆಷಾಢಕ್ಕೆ ಮೂರನೇ ಇಂಜೆಕ್ಷನ್ ಇದೆ. ಜೊತೆಗೆ ಡೆಕ್ಸಾ ಮತ್ತೊಮ್ಮೆ, ಅದೇ ಜಾಗದ ಅದೇ ಯಂತ್ರದಲ್ಲಿ, ಹೋಲಿಕೆ ಸರಿಯಾಗಿ ಬರಲಿ ಅಂತ. ಆಮೇಲೆ ಔಷಧಿ ಮುಂದುವರಿಸಬೇಕಾ, ಸ್ವಲ್ಪ ಕಾಲ ನಿಲ್ಲಿಸಬಹುದಾ ಅಂತ ಡಾಕ್ಟರು ನೋಡಿ ಹೇಳುತ್ತಾರೆ. ಈ ಸಲ ನನ್ನ ಓರಗಿತ್ತಿಯೂ ಬರುತ್ತಿದ್ದಾಳೆ. ಅವಳಿಗೆ ಸಕ್ಕರೆ ಬಂದು ಹದಿನೈದು ವರ್ಷ, ಟಿ-ಸ್ಕೋರ್ -1.8, ರಿಪೋರ್ಟಿನಲ್ಲಿ ಗಾಬರಿ ಬೇಡ ಅಂತ ಯಾರೋ ಬರೆದುಕೊಟ್ಟಿದ್ದಾರೆ. ಮಾತ್ರೆಯ ಸ್ಟ್ರಿಪ್ಪು, ಆಪರೇಷನ್ ಕಾಗದ ಎಲ್ಲ ಒಂದು ಕವರಿನಲ್ಲಿ ಹಾಕಿಕೋ ಅಂತ ಹೇಳಿದ್ದೇನೆ.